ಮುಲಾಖತ್ತಿನ ಪುಸ್ತಕದಲ್ಲಿ ದೊಡ್ಡವ್ವನ ಹೆಸರು

ಪೊಲೀಸರು ಮನೆಗೆ ಬಂದಾಗ ಸಂಗವ್ವ ಎದ್ದು ಕೂತದ್ದೇ ತಪ್ಪಾಯಿತು.

ಅದಕ್ಕೆ ಮುಂಚೆ ಇಪ್ಪತ್ತು ದಿನ ಅವಳು ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಹೊಟ್ಟೆಯಲ್ಲಿ ಗಡ್ಡೆ ಬೆಳೆದಿದೆ, ಕೊಯ್ದು ತೆಗೆಯುವ ಕಾಲ ದಾಟಿದೆ, ಮನೆಗೆ ಒಯ್ದು ಕೇಳಿದ್ದನ್ನು ಕೊಡಿರಿ ಎಂದು ಬೆಳಗಾವಿಯ ಡಾಕ್ಟರು ಹೇಳಿ ಕಳಿಸಿದ್ದರು. ಕೇಳಿದ್ದನ್ನು ಕೊಡಿರಿ ಎಂದರೆ ಏನೆಂದು ಖಾನಾಪುರದ ಓಣಿಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಸಂಗವ್ವ ಕೇಳಿದ್ದು ಒಂದೇ. ಹಿಂಡಲಗಾ ಜೈಲಿನಲ್ಲಿ ಏಳು ವರ್ಷದಿಂದ ಇರುವ ಮಗ ಗುರುಪುತ್ರಪ್ಪ ಒಮ್ಮೆ ಮನೆಗೆ ಬಂದು ಹೋಗಲಿ.

ಮಗಳು ಚಂದ್ರವ್ವ ಪೆರೋಲಿಗೆ ಅರ್ಜಿ ಹಾಕಿದಳು. ಅವಳು ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವಳು. ಭಟ್ಟಿಯಿಂದ ಬಂದ ಹಂಚನ್ನು ಬೆರಳಗಣ್ಣಿನಿಂದ ಬಡಿದು, ದನಿ ಕೇಳಿ, ಗಟ್ಟಿಯದನ್ನೂ ಬಿರುಕು ಬಿಟ್ಟದ್ದನ್ನೂ ಬೇರೆ ಬೇರೆ ಇಡುವುದು ಅವಳ ಕೆಲಸ. ಮ್ಯಾಟ್ರಿಕ್‌ವರೆಗೆ ಓದಿದ್ದಳು. ಕೊಲೆ ಮಾಡಿದವನ ತಂಗಿಯನ್ನು ನೋಡಲು ಯಾರೂ ಬರಲಿಲ್ಲವಾಗಿ ಇಪ್ಪತ್ತೆಂಟು ತುಂಬಿದರೂ ಅವ್ವನ ಮಗ್ಗುಲಲ್ಲೇ ಉಳಿದಿದ್ದಳು. ದಿನಕ್ಕೆ ಸಾವಿರ ಹಂಚಿನ ದನಿ ಕೇಳುವ ಅವಳಿಗೆ ತನ್ನ ದನಿ ಎತ್ತುವುದು ಮಾತ್ರ ಎಂದೂ ಒಗ್ಗಿರಲಿಲ್ಲ.

ಅರ್ಜಿಗೆ ಡಾಕ್ಟರ ಚೀಟಿ ಬೇಕಿತ್ತು, ಜಾಮೀನು ಬೇಕಿತ್ತು. ಅವು ಹೇಗೋ ಆದವು. ಸತ್ತವನ ಮನೆಯವರಿಂದ ತಕರಾರಿಲ್ಲ ಎಂಬ ಕಾಗದವೂ ಬೇಕಿತ್ತು. ಸತ್ತವನು ಹೊರಗಿನವನಲ್ಲ. ಸಂಗವ್ವನ ಒಡಹುಟ್ಟಿದ ಅಕ್ಕ ಸತ್ಯವ್ವನ ಒಬ್ಬನೇ ಮಗ ಬಾಳಪ್ಪ. ಕಾರ್ಖಾನೆಗೆ ಕೆಂಪು ಮಣ್ಣು ಅಗೆದು ಕೊಡುವ ಕುಣಿ ಯಾರ ಪಾಲಿನದು ಎಂದು ಅಣ್ಣತಮ್ಮಂದಿರ ನಡುವೆ ಮಾತಿಗೆ ಮಾತು ಬೆಳೆದು, ಗುರುಪುತ್ರಪ್ಪ ಕೈಯಲ್ಲಿದ್ದ ಸಲಿಕೆಯನ್ನು ಒಮ್ಮೆ ಬೀಸಿದ್ದ. ಒಂದೇ ಏಟು. ಸಣ್ಣವರಿದ್ದಾಗ ಒಂದೇ ಗಂಗಾಳದಲ್ಲಿ ಉಂಡವರು ಅವರು.

ಚಂದ್ರವ್ವ ಕಾಗದ ಹಿಡಿದು ದೊಡ್ಡವ್ವನ ಬಾಗಿಲಲ್ಲಿ ಅರ್ಧ ತಾಸು ನಿಂತಿದ್ದಳು. ಸತ್ಯವ್ವ ಕಾಳು ಹಸನು ಮಾಡುತ್ತ ಕೂತವಳು ಮೊರ ಕೆಳಗಿಡಲೇ ಇಲ್ಲ.

"ಏನ ಹುಡುಗಿ, ಬಾಗಲದಾಗ ಬೇರ ಬಿಟ್ಟಿ ಏನ. ಒಳಗ ಬಾ."

"ದೊಡ್ಡವ್ವಾ, ಅವ್ವ..."

"ಗೊತ್ತೈತಿ. ಊರಿಗೆಲ್ಲಾ ಗೊತ್ತೈತಿ." ಸತ್ಯವ್ವ ಮೊರ ಕೇರಿದಳು. ಕಲ್ಲು ಒಂದು ಕಡೆಗೆ ಬಂದಿತು. "ನನ್ನ ಮಗಾ ಅಂತೂ ಬರಾಂವಲ್ಲ. ನನ್ನ ತಂಗೀ ಮಗನರೆ ಬರ್ಲಿ. ಎಲ್ಲಿ ಒತ್ತಲಿ ಹೆಬ್ಬಟ್ಟು?"

ಒತ್ತಿದಳು. ಒತ್ತಿ, ಶಾಯಿಯ ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತ ಹೇಳಿದಳು. "ಈ ಓಣ್ಯಾಗ ಮಾತ್ರ ಹಾಯಬಾರ್ದು ಅಂತ ಹೇಳ ಅವಗ. ಕಂಡ್ರ ನನಗ ಏನ ಆಕ್ಕೈತೋ ಯಾರಿಗ್ಗೊತ್ತು. ಅಳು ಬರಬಹುದು, ಕಲ್ಲು ಎತ್ತಬಹುದು."

ಹೀಗೆ ಎಲ್ಲಕ್ಕಿಂತ ಕಷ್ಟದ್ದೇ ಕೈಗೂಡಿದ ಮೇಲೆ ಉಳಿದದ್ದು ಠಾಣೆಯ ಚೌಕಶಿ ಒಂದು. ಮನೆಗೆ ಬಂದು ನೋಡಿ ವರದಿ ಬರೆಯುತ್ತಾರೆ ಎಂದು ಚಂದ್ರವ್ವ ಹೇಳಿದಾಗ ಸಂಗವ್ವ ಮಲಗಿದಲ್ಲಿಂದಲೇ ಹುಕುಂ ಮಾಡತೊಡಗಿದಳು. ನೆಲ ಸಾರಿಸು. ಪಕ್ಕದ ಮನೆಯಿಂದ ಕಪ್ಪುಬಸಿ ತಾ. ನನ್ನ ಇಳಕಲ್ಲ ಸೀರೆ ತೆಗೆ. ಹೆಣ್ಣು ನೋಡಲು ಬರುವ ಬೀಗರಿಗೆ ಮಾಡುವ ಸಡಗರದಂತೆ ಇತ್ತು ಅದು. ಈ ಮನೆಗೆ ಅಂಥ ಬೀಗರು ಎಂದೂ ಬಂದಿರಲಿಲ್ಲ ಎಂಬುದು ಇಬ್ಬರಿಗೂ ನೆನಪಿತ್ತು.

ಹವಾಲ್ದಾರ ಕೃಷ್ಣಾಜಿ ಸೈಕಲ್ಲು ಕಟ್ಟೆಗೆ ಆನಿಸಿ ಒಳಗೆ ಬಂದಾಗ ಸಂಗವ್ವ ಗೋಡೆಗೆ ಬೆನ್ನು ಕೊಟ್ಟು, ಹಣೆ ತುಂಬ ವಿಭೂತಿ ಇಟ್ಟು, ತಲೆ ಮೇಲೆ ಸೆರಗು ಹೊದ್ದು ಕೂತಿದ್ದಳು.

"ಬರ್ರಿ, ಕುಂದರ್ರಿ. ಬಿಸಲಾಗ ಬಂದೀರಿ."

"ಆಯಿ, ತಬ್ಬೇತ ಹ್ಯಾಂಗೈತಿ?"

"ಆರಾಮ ಅದೀನ್ರಿ. ಬಸವಣ್ಣನ ದಯಾ. ನೀವು ಮೊದಲ ಚಾ ತಗೋರಿ."

"ಊಟ ನಾಷ್ಟಾ?"

"ಅದಕ್ಕೇನ ಕಡಿಮಿ ಇಲ್ರಿ ಈ ಮನ್ಯಾಗ."

"ಇಲ್ರಿ ಸಾಹೇಬ್ರ," ಎಂದು ಚಂದ್ರವ್ವ ಬಾಯಿ ತೆರೆದಳು. ಅವ್ವ ಕಣ್ಣಲ್ಲೇ ತಡೆದಳು. "ನೀ ಒಳಗ ಹೋಗಿ ಚಾ ತಗೊಂಬಾ." ಚಂದ್ರವ್ವ ಹೋದಳು. ಚಹ ಸೋಸಿ ತರುವಷ್ಟರಲ್ಲಿ ಕೃಷ್ಣಾಜಿ ಬರೆದು ಮುಗಿಸಿದ್ದ. ಚಹ ಕುಡಿದ, ಮನೆ ಚೊಕ್ಕ ಇಟ್ಟೀರಿ ಎಂದ, ಹೊರಟ. ಅವಳು ಹೊಸ್ತಿಲವರೆಗೆ ಹಿಂದೆ ಹೋಗಿ "ಸಾಹೇಬ್ರ" ಎಂದಳು. ಅದು ತನಗೇ ಕೇಳಿಸುವಷ್ಟು ಗಟ್ಟಿ ಇರಲಿಲ್ಲ. ಸೈಕಲ್ಲು ಓಣಿ ತಿರುಗಿತು.

"ಹೋದ್ರೇನ?" ಎಂದಳು ಒಳಗಿನಿಂದ ಅವ್ವ.

"ಹೋದ್ರು."

"ಹಂಗಾರ ಮಲಗಸ ನನ್ನ." ಮಲಗಿಸುವಾಗ ಇಳಕಲ್ಲ ಸೀರೆಯ ಮೇಲೆಲ್ಲ ಹಸಿರು ಪಿತ್ತ ವಾಂತಿಯಾಯಿತು.

ಹದಿನೈದು ದಿನಕ್ಕೆ ಅರ್ಜಿ ತಿರಸ್ಕಾರವಾದ ಕಾಗದ ಬಂತು. ಕೈದಿಯ ತಾಯಿ ಎದ್ದು ಕುಳಿತು ಸ್ಪಷ್ಟವಾಗಿ ಮಾತನಾಡಿದರು, ತಾವು ಆರೋಗ್ಯದಿಂದ ಇರುವುದಾಗಿ ತಿಳಿಸಿದರು, ತುರ್ತು ಕಾರಣ ಕಂಡುಬರಲಿಲ್ಲ. ಓದಿ ಹೇಳಿದಾಗ ಸಂಗವ್ವ ಅಳಲಿಲ್ಲ. ಯಾರೋ ತನಗೆ ಮೋಸ ಮಾಡಿದ ಹಾಗೆ ಮಗಳನ್ನು ನೋಡಿದಳು.

"ಮನಿ ಚೊಲೊ ಐತಿ, ಮಂದಿ ಚೊಲೊ ಅದಾರ ಅಂತ ಕಂಡ್ರ ಕಳಸ್ತಾರ ಅಂತ ತಿಳಿದಿದ್ನಿ. ಸಾಯೂ ಮನಿಗೆ ಯಾರ ಕಳಸ್ತಾರವ್ವಾ ಮಗನ್ನ?"

ಚಂದ್ರವ್ವ ಠಾಣೆಗೆ ಹೋದಳು. ಕೃಷ್ಣಾಜಿ ಕೆಟ್ಟವನಲ್ಲ. ಅವಳಿಗೆ ಸ್ಟೂಲು ಕೊಟ್ಟು ಕೂರಿಸಿದ.

"ತಂಗೀ, ನಾ ಖರೇನಽ ಬರದೇನಿ. ನಿಮ್ಮವ್ವ ನನಗ ಚಾ ಕುಡಿಸಿ ಆರಾಮ ಅದೀನಂದ್ಲು. ಸಾಯಾಕತ್ತಾಳ ಅಂತ ಬರೀಲೇನ? ಈಗ ಇನ್ನೊಂದ ಅರ್ಜಿ ಹಾಕು. ನಾ ಮತ್ತ ಬರ್ತೀನಿ. ಆವಾಗರೆ ಮಲಗಿರ್ಲಿ."

ಎರಡನೆಯ ಅರ್ಜಿಗೆ ಮೊದಲನೆಯದಕ್ಕಿಂತ ದಾರಿ ಉದ್ದವಾಗಿತ್ತು. ಒಮ್ಮೆ ಇಲ್ಲ ಎಂದದ್ದನ್ನು ಹೌದು ಎನ್ನಬೇಕಾದರೆ ಕಾಗದ ಬೆಂಗಳೂರಿಗೆ ಹೋಗಿ ಬರಬೇಕು. ತಿಂಗಳು ಹಿಡಿಯಬಹುದು, ಎರಡೂ ಹಿಡಿಯಬಹುದು. ಅದೇ ವಾರ, ಎಂಬತ್ತಮೂರರ ಆ ಆಗಸ್ಟಿನಲ್ಲಿ, ಕಾರ್ಖಾನೆಯ ಆಫೀಸಿನಲ್ಲಿ ಬಿದ್ದಿದ್ದ ಪೇಪರಿನಲ್ಲಿ ಚಂದ್ರವ್ವ ಲೋಕಸಭೆಯ ಸುದ್ದಿ ಓದಿದಳು. ಜೈಲು ಸುಧಾರಣೆಯ ಮೇಲೆ ಚರ್ಚೆ. ಒಬ್ಬ ಸದಸ್ಯರು ಎದ್ದು, ಶಿಕ್ಷೆ ಕೊಟ್ಟದ್ದು ಕೈದಿಗೆ, ಅವನ ತಾಯಿಗಲ್ಲ, ಪೆರೋಲು ದಯೆಯ ಮಾತಲ್ಲ, ಒಬ್ಬ ಪೇದೆ ಬರೆದ ಎರಡು ಸಾಲಿನ ಮೇಲೆ ಒಂದು ಮನೆಯ ಅಳಿವು ಉಳಿವು ನಿಲ್ಲಬಾರದು ಎಂದಿದ್ದರು. ಇನ್ನೊಬ್ಬರು ಎದ್ದು, ಮಾನ್ಯ ಸದಸ್ಯರು ಕೊಲೆಗಾರರಿಗೆ ದೀಪಾವಳಿ ರಜೆಯನ್ನೂ ಕೇಳಲಿರುವರೇ ಎಂದಿದ್ದರು. ಅಲ್ಲಿ ಕಂಸದೊಳಗೆ ನಗು ಎಂದು ಅಚ್ಚಾಗಿತ್ತು. ಸಲಹೆಗಳನ್ನು ಪರಿಶೀಲಿಸಲಾಗುವುದು ಎಂದು ಮಂತ್ರಿಗಳು ಉತ್ತರಿಸಿದ್ದರು.

ಚಂದ್ರವ್ವ ಅದನ್ನು ಕತ್ತರಿಸಿಕೊಂಡಳು. ಪೇದೆಯ ಎರಡು ಸಾಲು. ದಿಲ್ಲಿಯಲ್ಲಿ ಕೂತವರಿಗೆ ತನ್ನ ಮನೆಯ ಸುದ್ದಿ ಯಾರು ಹೇಳಿದರು ಎಂದು ಅವಳಿಗೆ ಅನ್ನಿಸಿತು. ಆ ನಗುವಿನ ಹತ್ತಿರ ಬಂದಾಗಲೆಲ್ಲ ಅವಳ ಕಣ್ಣು ನಿಲ್ಲುತ್ತಿತ್ತು. ಎಷ್ಟು ಜನ ನಕ್ಕಿರಬಹುದು? ಮೊದಲಿನ ಸದಸ್ಯರೂ ನಕ್ಕರೇ?

ಅಣ್ಣನ ಮುಲಾಖತ್ತಿಗೆ, ತಿಂಗಳಿಗೊಮ್ಮೆ ಸಿಗುವ ಭೇಟಿಗೆ, ಹಿಂಡಲಗಾಕ್ಕೆ ಹೋದಾಗ ಅದನ್ನು ಜೈಲಿನ ಗುಮಾಸ್ತ ಲಕ್ಷ್ಮಪ್ಪನ ಮೇಜಿನ ಮೇಲಿಟ್ಟಳು. ಲಕ್ಷ್ಮಪ್ಪ ಆ ವರ್ಷವಷ್ಟೇ ಬದಲಿಯಾಗಿ ಬಂದವನು. ಕನ್ನಡಕ ಏರಿಸಿ ಪೂರ್ತಿ ಓದಿದ.

"ಚೊಲೊ ಮಾತಾಡ್ಯಾರ. ಆದ್ರ ಇದು ಮಾತು ತಂಗೀ, ಹುಕುಂ ಅಲ್ಲ. ಜೈಲು ರಾಜ್ಯದ್ದು, ದಿಲ್ಲೀದಲ್ಲ. ಅವರು ಅಲ್ಲಿ ಮಾತಾಡಿದ್ದು ಇಲ್ಲಿ ನನ್ನ ಮೇಜಿಗೆ ಬರಬೇಕಾದ್ರ ನಾ ರಿಟಾಯರ ಆಗಿರ್ತೀನಿ."

"ಅಲ್ಲೀತನಾ ಅವ್ವ ಉಳಿಯೂದಿಲ್ರಿ."

ಲಕ್ಷ್ಮಪ್ಪ ಕತ್ತರಿಸಿದ ಕಾಗದವನ್ನು ಮಡಚಿ ಅವಳಿಗೇ ಕೊಟ್ಟ. "ಒಂದ ಮಾತ ಹೇಳ್ತೀನಿ, ನೆನಪಿಟ್ಗೊ. ತಾಯಿ ಹಾಸಿಗಿ ಬಿಟ್ಟು ಏಳಾಕ ಆಗೂದಿಲ್ಲ ಅಂತ ಅರ್ಜ್ಯಾಗ ಬರದೀರಿ. ಸಂಕಟಾ ಆತಂತ ಆಕೀನ್ನ ಇಲ್ಲಿಗೆ ಕರಕೊಂಡ ಬಂದ ಗಿಂದೀರಿ. ತಾಯಿ ಸ್ವತಃ ಬಂದು ಮುಲಾಖತ್ ಮಾಡ್ಯಾಳ ಅಂತ ಈ ಪುಸ್ತಕದಾಗ ಬಿತ್ತಂದ್ರ ಆ ಅರ್ಜಿ ಅಲ್ಲಿಗೆ ಮುಗೀತು."

ಅಂದು ಗುರುಪುತ್ರಪ್ಪ ಕಬ್ಬಿಣದ ಜಾಳಿಗೆಯ ಆಚೆ ನಗುತ್ತಲೇ ಬಂದಿದ್ದ. ಅವ್ವ ಆರಾಮ ಇದ್ದಾಳೆಂದು ಪೊಲೀಸರೇ ಬರೆದಿದ್ದಾರೆ, ಪೆರೋಲು ಹೋದರೆ ಹೋಗಲಿ ಎಂದಿದ್ದ. ಚಂದ್ರವ್ವ ಅವನ ನಗು ಕೆಡಿಸಲಾರದೆ ತಲೆ ಆಡಿಸಿದಳು. ಹೊರಡುವಾಗ ಪ್ರತಿ ಸಲದ ಹಾಗೆ, ತಲೆ ಎತ್ತದೆ, "ದೊಡ್ಡವ್ವ ಹ್ಯಾಂಗದಾಳ?" ಎಂದು ಕೇಳಿದ. ಏಳು ವರ್ಷದಲ್ಲಿ ಆ ಪ್ರಶ್ನೆಗೆ ಉತ್ತರ ಕೇಳಿಸಿಕೊಳ್ಳಲು ಅವನು ಒಮ್ಮೆಯೂ ನಿಂತವನಲ್ಲ.

ಎಂಟು ದಿನದಲ್ಲಿ ಸಂಗವ್ವನಿಗೆ ನೀರೂ ಇಳಿಯದಾಯಿತು. ಕೃಷ್ಣಾಜಿ ಎರಡನೆಯ ಚೌಕಶಿಗೆ ಬಂದು, ಬಾಗಿಲಲ್ಲೇ ನಿಂತು ನೋಡಿ, ಟೋಪಿ ತೆಗೆದು, ಚಹ ಬೇಡವೆಂದು ಹೋದ. ಚೊಲೊ ಬರೆಯುತ್ತೇನೆ ಎಂದ. ಆದರೆ ಕಾಗದ ಇನ್ನೂ ಬೆಂಗಳೂರಿಗೆ ಹೋಗಿ ಬರಬೇಕಿತ್ತು.

ಅಂದು ಸಂಜೆ ಸಂಗವ್ವ ಮಗಳ ಮಣಿಕಟ್ಟು ಹಿಡಿದಳು. "ಅವ ಬರಾಂವಲ್ಲ. ನನ್ನಽ ಒಯ್ಯಿ."

"ನೀ ಹೋದ್ರ ಅರ್ಜಿ ಹೊಕ್ಕೈತಿ ಬೇ. ಅವ ಮನಿಗೆ ಬರೂದು ತಪ್ಪತೈತಿ."

"ಎಂದ ಬರ್ತಾನ?"

ರಾತ್ರಿಯಿಡೀ ಚಂದ್ರವ್ವ, ಒಯ್ಯುವುದು ಬಿಡುವುದು ಎರಡನ್ನೂ ಹಂಚಿನ ಹಾಗೆ ಬಡಿದು ನೋಡಿದಳು, ಎರಡೂ ಒಡಕು ದನಿಯೇ ಕೊಟ್ಟವು. ಬೆಳಗ್ಗೆ ಕಾರ್ಖಾನೆಗೆ ಹೋಗಿ ಲಾರಿ ಡ್ರೈವರ ಪಾಂಡುರಂಗನನ್ನು ಕೇಳಿದಳು. ಅವನಿಗೆ ವೆಂಗುರ್ಲಾ ರಸ್ತೆಯ ಕಡೆಗೆ ಹಂಚು ಇಳಿಸುವುದಿತ್ತು. ಹಿಂಡಲಗಾ ಅದೇ ದಾರಿ.

ಹಂಚಿನ ನಡುವೆ ಹುಲ್ಲು ಹಾಸಿ ಸಂಗವ್ವನನ್ನು ಮಲಗಿಸಿದರು. "ಆಯಿ," ಎಂದ ಪಾಂಡುರಂಗ ತಾಡಪತ್ರಿ ಕಟ್ಟುತ್ತ, "ನನ್ನ ಗಾಡ್ಯಾಗ ಇವತ್ತಿನ ತನಕ ಒಂದ ಹಂಚ ಒಡದಿಲ್ಲ ನೋಡ್ರಿ. ನೀವೂ ಒಡೀಬ್ಯಾಡ್ರಿ."

"ಹಂಚ ಒಡದ್ರ ಮಾಲಕ ಕೇಳ್ತಾನ," ಎಂದಳು ಸಂಗವ್ವ ಕಣ್ಣು ಮುಚ್ಚಿಕೊಂಡೇ. "ನಾ ಒಡದ್ರ ನಿನ್ನ ಯಾರ ಕೇಳ್ತಾರಪಾ. ಸಾವಕಾಶ ಹೊಡಿ ಅಷ್ಟಽ."

ಸಾವಕಾಶ ಹೊಡೆದದ್ದರಿಂದ ಜೈಲಿನ ಮುಂದೆ ಇಳಿಯುವಾಗ ಹನ್ನೊಂದು ದಾಟಿತ್ತು. ಮುಲಾಖತ್ತು ಹನ್ನೆರಡಕ್ಕೆ ಬಂದ್. ಪಾಂಡುರಂಗನೇ ಮುದುಕಿಯನ್ನು ಎತ್ತಿ ತಂದು ಗೇಟಿನ ಖೋಲಿಯ ಬೆಂಚಿನ ಮೇಲೆ ಕೂರಿಸಿ, ಹಂಚು ಇಳಿಸಿ ಬರುತ್ತೇನೆಂದು ಹೋದ. ಸಂಗವ್ವ ಮಗಳ ಹೆಗಲಿಗೆ ವಾಲಿಕೊಂಡಳು. ಮಲಗಿದಾಗ ಭಾರವಿದ್ದಳು. ಕೂತಾಗ ಒಗೆದು ಹಿಂಡಿದ ಸೀರೆಯಷ್ಟೇ ಇದ್ದಳು.

ಲಕ್ಷ್ಮಪ್ಪ ಪುಸ್ತಕ ತೆರೆದ. "ನಿನ್ನ ಪಾಳಿ ಹ್ವಾದ ವಾರ ಆತಲ್ಲ ತಂಗೀ. ಈಗ ನಿನಗ ಚೀಟಿ ಇಲ್ಲ. ಈ ಆಯಿ ಯಾರು?"

ದಾರಿಯುದ್ದಕ್ಕೂ ಚಂದ್ರವ್ವ ಇದಕ್ಕೊಂದು ಉತ್ತರ ಕಟ್ಟಿಕೊಂಡಿರಲಿಲ್ಲ. ಅವ್ವ ಎಂದರೆ ಅರ್ಜಿ ಮುಗಿಯಿತು. ಸುಳ್ಳು ಹೇಳಿ ಅಭ್ಯಾಸವಿಲ್ಲದವರು ಹೇಳುವ ಸುಳ್ಳು ಸತ್ಯದ ಮಗ್ಗುಲಲ್ಲೇ ಬೀಳುತ್ತದೆ. ಅವಳ ಬಾಯಿಂದ "ದೊಡ್ಡವ್ವ" ಎಂದು ಬಂತು.

"ಹೆಸರು?"

ಅವಳಿಗೆ ಇದ್ದವಳು ಒಬ್ಬಳೇ ದೊಡ್ಡವ್ವ. "ಸತ್ಯವ್ವ."

ಲಕ್ಷ್ಮಪ್ಪ ಪೆನ್ನು ನಿಲ್ಲಿಸಿ ತಲೆ ಎತ್ತಿದ. ಬೆಂಚಿನ ಮೇಲಿನ ಮುದುಕಿಯನ್ನು ನೋಡಿದ. ಅವನ ಮುಖದ ಮೇಲೆ ಚಂದ್ರವ್ವ ಎಂದೂ ನೋಡದ ಮರ್ಯಾದೆ ಬಂದಿತ್ತು.

"ತಕರಾರಿಲ್ಲ ಅಂತ ಹೆಬ್ಬಟ್ಟ ಒತ್ತಿದ ಸತ್ಯವ್ವ? ಸತ್ತಾಂವನ ತಾಯಿ?" ಎದ್ದು ನಿಂತು ಕೈಮುಗಿದ. "ದೊಡ್ಡ ಮನಸ್ಸು ಆಯಿ ನಿಮ್ಮದು. ತಂಗೀ, ಇದು ಅರ್ಜಿಗೆ ಭಾಳ ಚೊಲೊ ಆತು. ಸತ್ತಾಂವನ ತಾಯಿನಽ ಬಂದು ಭೇಟಿ ಆದ್ಲು ಅಂತ ನಾ ಶರಾ ಬರೀತೀನಿ. ಇಷ್ಟ ಸಾಕು, ಬೆಂಗಳೂರಾಗ ಯಾರೂ ಬ್ಯಾಡನ್ನೂದಿಲ್ಲ. ಹಿಡಕೊಂಡ ಕೂಡಾಕ ನೀನೂ ಒಳಗ ಹೋಗು."

ಚೀಟಿ ಬರೆದು ವಾರ್ಡರನ ಕೈಗೆ ಕೊಟ್ಟ. ವಾರ್ಡರ ಒಳಗೆ ಹೋದ.

ಸಂಗವ್ವ ಕಣ್ಣು ಬಿಡದೆ ಮೆಲ್ಲಗೆ ಕೇಳಿದಳು. "ನನ್ನ ನಮ್ಮಕ್ಕನ್ನ ಮಾಡಿದೇನ?"

"ಸುಮ್ಮನಿರ ಬೇ."

"ಆಕೀ ಹೆಸರಿಗೆ ಇಷ್ಟ ಮರ್ಯಾದಿ ಐತಿ ಅಂತ ಗೊತ್ತಿದ್ರ ಮೊದಲಽ ಹೇಳ್ತಿದ್ನಿ." ನಗುವುದಕ್ಕೆ ಹೋದಳು. ಅದು ಕೆಮ್ಮಾಗಿ ಮುಗಿಯಿತು.

ಚಂದ್ರವ್ವನಿಗೆ ಒಂದು ಗಳಿಗೆ ಉಸಿರು ಹಗುರಾಗಿತ್ತು. ಅವ್ವ ಇವತ್ತು ಅಣ್ಣನನ್ನು ನೋಡುತ್ತಾಳೆ, ಅರ್ಜಿಯೂ ಉಳಿಯುತ್ತದೆ. ಜಗತ್ತು ಒಮ್ಮೊಮ್ಮೆ ಎರಡನ್ನೂ ಕೊಡುತ್ತದೆ ಎಂದುಕೊಳ್ಳುವಷ್ಟರಲ್ಲಿ ವಾರ್ಡರ ಹಿಂದಿರುಗಿದ. ಒಬ್ಬನೇ.

"ಬರಾಂಗಿಲ್ಲ ಅಂತಾನ್ರಿ."

"ಬರಾಂಗಿಲ್ಲ ಅಂದ್ರ?" ಎಂದ ಲಕ್ಷ್ಮಪ್ಪ.

"ಸತ್ಯವ್ವ ಬಂದಾಳ, ನಿನ್ನ ದೊಡ್ಡವ್ವ ಅಂದ್ನಿ. ಅಲ್ಲೇ ಗ್ವಾಡಿಗೆ ಕುಸದ ಕುಂತಾನ. ಆಕೀ ಮುಂದ ಯಾ ಮುಖಾ ತಗೊಂಡ ನಿಂದ್ರಲಿ, ಹೊಳ್ಳಿ ಕಳಸ್ರಿ ಅಂತಾನ. ಕೈದಿ ಒಲ್ಲೆ ಅಂದ್ರ ಎಳಕೊಂಡ ಬರಾಕ ಆಗೂದಿಲ್ಲಲ್ರಿ."

ಏಳು ವರ್ಷ ಅಣ್ಣ ಯಾವ ಒಂದು ಮುಖಕ್ಕೆ ಹೆದರಿ ತಲೆ ತಗ್ಗಿಸಿ ಬದುಕಿದ್ದನೋ ಆ ಮುಖದ ಹೆಸರನ್ನೇ ಚಂದ್ರವ್ವ ಕೊಟ್ಟಿದ್ದಳು.

"ತಂಗೀನೂ ಬಂದಾಳ ಅಂತ ಹೇಳ್ರಿ," ಎಂದಳು ವಾರ್ಡರನಿಗೆ. "ಚಂದ್ರಿ ಬಂದಾಳ, ಬರಲೇಬೇಕಂತಾಳ ಅಂತ ಹೇಳ್ರಿ. ನಿಮ್ಮ ಕಾಲ ಹಿಡಿತೀನಿ."

ವಾರ್ಡರ ಗೊಣಗುತ್ತ ಮತ್ತೆ ಹೋದ. ಗೋಡೆಯ ಗಡಿಯಾರದಲ್ಲಿ ಹನ್ನೆರಡಕ್ಕೆ ಇಪ್ಪತ್ತು ನಿಮಿಷವಿತ್ತು. ಹೆಗಲ ಮೇಲೆ ಅವ್ವನ ಉಸಿರು ಒಮ್ಮೆ ಬಂತು. ಮತ್ತೊಮ್ಮೆ ಬರಲು ಬಹಳ ಹೊತ್ತು ತೆಗೆದುಕೊಂಡಿತು. ತುಟಿಯ ಅಂಚು ನೀಲಿಯಾಗಿತ್ತು. ಇನ್ನು ಹಿಂದಿರುಗಿ ಖಾನಾಪುರದವರೆಗೆ ಲಾರಿಯ ಅದೇ ಹುಲ್ಲಿನ ಮೇಲೆ ಒಯ್ಯಬೇಕು.

ವಾರ್ಡರ ಬಂದು ತಲೆ ಅಲ್ಲಾಡಿಸಿದ. "ಕಿವಿ ಮುಚ್ಗೊಂಡ ಕುಂತಾನ್ರಿ. ಚಂದ್ರೀಗ ಹೇಳ್ರಿ, ದೊಡ್ಡವ್ವನ್ನ ಕರಕೊಂಡ ಬಂದು ನನಗ ಇನ್ನೊಂದ ಶಿಕ್ಷಾ ಕೊಡಬ್ಯಾಡಂತ ಹೇಳ್ರಿ ಅಂದಾ."

ಚಂದ್ರವ್ವ ಅವ್ವನನ್ನು ಗೋಡೆಗೆ ಒರಗಿಸಿ ಎದ್ದು ಮೇಜಿನ ಹತ್ತಿರ ಹೋದಳು.

"ಆಕಿ ದೊಡ್ಡವ್ವ ಅಲ್ರಿ."

ಲಕ್ಷ್ಮಪ್ಪ ನೋಡಿದ.

"ಅವ್ವ ಅದಾಳ್ರಿ. ಹೆತ್ತಾಕಿ. ಸಂಗವ್ವ."

ಅವನು ಎದ್ದು ಹೋಗಿ ವಾರ್ಡರನನ್ನು ಬಾಗಿಲಾಚೆ ನಿಲ್ಲಿಸಿ ಬಂದು ದನಿ ತಗ್ಗಿಸಿದ. "ನಾ ಏನೂ ಕೇಳಿಲ್ಲ. ತಿಳೀತಿಲ್ಲ? ದೊಡ್ಡವ್ವ ಬಂದಿದ್ಲು, ಕೈದಿ ಒಲ್ಲೆ ಅಂದಾ, ಹ್ವಾದ್ಲು. ಮುಗೀತು. ಅರ್ಜಿ ನಡೀತೈತಿ. ಮುಂದಿನ ತಿಂಗಳ ನಿನ್ನ ಅಣ್ಣ ಮನಿಗೆ ಬರಬಹುದು, ಹದಿನೈದು ದಿನ. ಈಗ ನೀ ಅವ್ವ ಅಂದ್ರ ನಾ ಆ ಹೆಸರ ಹೊಡದು ಈ ಹೆಸರ ಬರೀಬೇಕು. ಬರದ್ರ ಆ ಫೈಲಿನ ಮ್ಯಾಲೂ ಬರೀಬೇಕು. ಸುಳ್ಳ ಹೆಸರು ಹೇಳಿದ್ದೂ ಕೂಡೇ. ಇನ್ನ ವರ್ಷಗಟ್ಟಲೆ ಅವಗ ಪೆರೋಲಿನ ಮಾತಿಲ್ಲ. ವಿಚಾರ ಮಾಡು. ಹದಿನೈದ ನಿಮಿಷದ ಸಲವಾಗಿ."

ಚಂದ್ರವ್ವ ತಿರುಗಿ ಬೆಂಚಿನ ಕಡೆ ನೋಡಿದಳು. ಸಂಗವ್ವ ಒರಗಿಸಿದಂತೆಯೇ ಇದ್ದಳು. ಕಣ್ಣು ಮಾತ್ರ ಒಳಬಾಗಿಲ ಕಡೆ ತೆರೆದಿದ್ದವು. ಯಾರೂ ಬಾರದ ಬಾಗಿಲನ್ನು ರೆಪ್ಪೆ ಬಡಿಯದೆ ಕಾಯುತ್ತಿದ್ದವು. ಮುಂದಿನ ತಿಂಗಳು ಎಂಬುದು ಆ ಬೆಂಚಿನ ಹತ್ತಿರ ಎಲ್ಲೂ ಇರಲಿಲ್ಲ.

"ಬರೀರಿ," ಎಂದಳು. ಕೇಳಿಸಿತೋ ಇಲ್ಲವೋ ಎಂದು, ಖೋಲಿಯಲ್ಲಿದ್ದ ಎಲ್ಲರೂ ತಿರುಗಿ ನೋಡುವಷ್ಟು ಗಟ್ಟಿಯಾಗಿ ಇನ್ನೊಮ್ಮೆ ಹೇಳಿದಳು. "ಬರೀರಿ ಸಾಹೇಬ್ರ. ಸಂಗವ್ವ. ತಾಯಿ."

ಲಕ್ಷ್ಮಪ್ಪ ಕೆಂಪು ಶಾಯಿಯಲ್ಲಿ ಒಂದು ಗೆರೆ ಎಳೆದ. ಕೆಳಗೆ ಬರೆದ. ಕಪಾಟಿನಿಂದ ಫೈಲು ತೆಗೆದು ಅದರ ಮೇಲೂ ಬರೆದ, ನಿಧಾನಕ್ಕೆ, ಪ್ರತಿ ಅಕ್ಷರ ಅವಳು ತಡೆಯಲಿ ಎಂಬಂತೆ. ಅವಳು ತಡೆಯಲಿಲ್ಲ. "ಓಡು," ಎಂದ ವಾರ್ಡರನಿಗೆ. "ಅವ್ವ ಬಂದಾಳ ಅಂತ ಹೇಳು."

ಗುರುಪುತ್ರಪ್ಪ ಓಡುತ್ತಲೇ ಬಂದ. ಎರಡು ಜಾಳಿಗೆ, ನಡುವೆ ಒಂದು ಮೊಳ ಅಂತರ. ಆಚೆ ಅವನು, ಈಚೆ ಚಂದ್ರವ್ವನ ತೋಳಿನಲ್ಲಿ ಅವ್ವ. ಬಂದವನು ಮೊದಲು ತಂಗಿಯನ್ನೇ ನೋಡಿ, ಅವ್ವ ಎಲ್ಲಿ ಎಂದು ಅವಳ ಹಿಂದೆ ಹುಡುಕಿದ. ಆಮೇಲೆ ಅವನ ದೃಷ್ಟಿ ಕೆಳಗಿಳಿಯಿತು.

"ಆರಾಮ ಅದಾಳಂತ ಬರದಿದ್ರಲ್ಲ," ಎಂದ.

ಸಂಗವ್ವ ಕೈ ಎತ್ತಿ ಜಾಳಿಗೆಯ ಮೇಲಿಟ್ಟಳು. ಬೆರಳು ಆಚೆ ದಾಟಲಿಲ್ಲ.

"ಗುರಪ್ಪಾ."

"ಅವ್ವಾ, ನೀ ಯಾಕ ಬಂದಿ. ಈ ಸ್ಥಿತ್ಯಾಗ ಯಾಕ ಬಂದಿ." ಅವನು ಎರಡೂ ಕೈಯಿಂದ ಜಾಳಿಗೆ ಹಿಡಿದುಕೊಂಡ. ಮಾತು ಒಂದರ ಮೇಲೊಂದು ಬಿದ್ದವು. "ನಾನಽ ಬರ್ತೀನಿ. ಎರಡನೇ ಅರ್ಜಿ ಹಾಕೇರಿ ಅಂತ ಕೇಳೇನಿ. ಈ ಸಲ ಕಳಸ್ತಾರ. ಬಂದ ಕೂಡಲೇ ನಿನ್ನ ದೊಡ್ಡ ದವಾಖಾನಿಗೆ ಒಯ್ತೀನಿ. ನನಗ ಇಲ್ಲಿ ಮಗ್ಗದ ಕೆಲಸ ಕಲಿಸ್ಯಾರ, ನಿನಗೊಂದ ಚಾದರ ನೇದ ತರ್ತೀನಿ. ಚಂದ್ರೀ, ಅರ್ಜಿ ಎಲ್ಲೀ ತನಕಾ ಬಂತು? ಯಾವಾಗ ಬಿಡ್ತಾರ?"

ವಾರ್ಡರ ಗಡಿಯಾರ ನೋಡಿ, ಕೋಲಿನಿಂದ ನೆಲ ಮುಟ್ಟಿಸಿದ. ಹೊತ್ತು ಮುಗಿಯಿತೆಂದು ಇನ್ನೂ ಬಡಿದಿರಲಿಲ್ಲ.

"ಹೇಳ. ಯಾವಾಗ ಬರ್ತೀನಿ ನಾ?"

"ಬರಾಕಾಗೂದಿಲ್ಲ ಅಣ್ಣಾ," ಎಂದಳು ಚಂದ್ರವ್ವ. ಅವ್ವನ ತಲೆ ಜಾರದಂತೆ ಗದ್ದದ ಕೆಳಗೆ ಅಂಗೈ ಕೊಟ್ಟು ಮುಖವನ್ನು ಅವನ ಕಡೆಗೆ ಎತ್ತಿ ಹಿಡಿದಳು. "ಮಾತಾಡಬ್ಯಾಡ. ನೋಡ್ಕೊ."

ಅವನು ಮಾತು ನಿಲ್ಲಿಸಿ ನೋಡತೊಡಗಿದ.